ತೊಟ್ಟಿಲ ಸುತ್ತಲಿನ ಇಂಗ್ಲಿಷು

ಚಳ್ಳಕೆರೆಯ ಮನೆಯೊಂದರ ನಡುಮನೆಯಲ್ಲಿ ದೊಡ್ಡದೊಂದು ಪೆಟ್ಟಿಗೆ ಬಾಯ್ತೆರೆದು ಕುಳಿತಿದೆ. ಇಂಗ್ಲೆಂಡಿನಲ್ಲಿ ಗಂಡನೊಡನೆ ನೆಲಸಿರುವ ಮಗಳಿಗೆ ಚೊಚ್ಚಲ ಹೆರಿಗೆ ಸಮೀಪಿಸಿದೆ. ತಾಯಿ ಬಾಣಂತನಕ್ಕೆಂದು ಹೊರಟಿದ್ದಾರೆ. ಊರ ಮಗ್ಗದಲ್ಲಿ ನೇಯ್ದ ಕರಿಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಕುಲಾವಿ, ಕುಂಚಿಗೆ, ಗಿಲಕಿ, ಬೆಳ್ಳಿಯ ಒಳಲೆ ಎಲ್ಲವೂ ಒಂದೊಂದಾಗಿ ಪೆಟ್ಟಿಗೆಯನ್ನು ಸೇರಿವೆ. ಎಲ್ಲಕ್ಕೂ ಮೇಲೆ ಒಂದು ನೋಟುಪುಸ್ತಕ. ಅದರ ಒಂದು ಬದಿಗೆ ಮಗುವಿನ ಸಾಮಾನುಗಳ ಕನ್ನಡ ಹೆಸರು. ಇನ್ನೊಂದು ಬದಿಗೆ, ಕನ್ನಡ ಅಕ್ಷರಗಳಲ್ಲಿಯೇ, ಅವುಗಳ ಇಂಗ್ಲಿಷ್ ಹೆಸರು.

“ಮಗು ಎತ್ತೋದಕ್ಕೆ ನನಗೇನೂ ಭಯವಿಲ್ಲ ಕಣೆ. ನೀನು ಮಲಗಿದ್ದಾಗ ದಾದಿ ಬಂದು ಏನಾದರೂ ಕೇಳಿದರೆ ಏನು ಹೇಳಲಿ?” ಎಂದು ತಾಯಿ ದೂರವಾಣಿಯಲ್ಲಿ ಕೇಳುತ್ತಾರೆ.

“ಸಾಮಾನಿನ ಹೆಸರು ಕಲಿತುಕೊಂಡು ಬಾಮ್ಮ, ಅಷ್ಟು ಸಾಕು. ಮಿಕ್ಕಿದ್ದಕ್ಕೆ ಕೈಸನ್ನೆ ಇದೆ,” ಎನ್ನುತ್ತಾಳೆ ಮಗಳು.

ಇಂಥ ಪ್ರಯಾಣ ಈಗ ಅಪರೂಪವಲ್ಲ. ಮಗಳು ಬಾಣಂತನಕ್ಕೆ ತವರಿಗೆ ಬರುವುದು ಹಿಂದಿನಿಂದ ಬಂದ ಪದ್ಧತಿ. ಮಗಳು ಕಡಲಾಚೆ ನೆಲಸಿದ ಮೇಲೆ ತವರೇ ಅವಳ ಬಳಿಗೆ ಹೋಗಬೇಕಾಗಿದೆ. ಹಾಗೆ ಹೊರಡುವ ತಾಯಂದಿರಿಗೆ ಕೆಲಸದ ಅಳುಕಿಲ್ಲ. ವಸ್ತು ಕೈಗೆ ಗೊತ್ತು, ಮಾತು ಮಾತ್ರ ನಾಲಿಗೆಗೆ ಗೊತ್ತಿಲ್ಲ. ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬುನಾದಿ ಬೇರಿಲ್ಲ. ಶಾಲೆಯ ಮಗು ಮೊದಲು ಮಾತನ್ನು ಉರುಹೊಡೆದು ಆಮೇಲೆ ವಸ್ತುವನ್ನು ಕಾಣುತ್ತದೆ. ಈ ತಾಯಿಗೆ ವಸ್ತು ಮೊದಲೇ ಕೈಯಲ್ಲಿದೆ. ಆದರೆ ಒಂದು ಎಚ್ಚರಿಕೆ ಬೇಕು. ಹೆಸರನ್ನು ಹೆಸರಿಗೆ ಜೋಡಿಸಿದರೆ ಸಾಲದು, ಆ ವಸ್ತುವಿನ ಕೆಲಸವನ್ನೂ ಕೂಡಿಸಿ ಕಲಿಯಬೇಕು.

ಮಲಗುವ ಸಾಮಾನುಗಳನ್ನೇ ಮೊದಲು ನೋಡಬಹುದು. ತೂಗುವ ತೊಟ್ಟಿಲಿಗೆ ಇಂಗ್ಲಿಷಿನಲ್ಲಿ ಕ್ರೇಡಲ್ ಎಂದು ಹೆಸರು. ತೂಗದೆ ನಿಂತಿರುವ, ನಾಲ್ಕು ಕಡೆಗೂ ಸರಳುಗಳ ಕಟಕಟೆಯುಳ್ಳ ಮಂಚಕ್ಕೆ ಇಂಗ್ಲೆಂಡಿನವರು ಕಾಟ್ ಎಂದರೆ ಅಮೆರಿಕದವರು ಕ್ರಿಬ್ ಎನ್ನುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಕಾಟ್ ಎಂದರೆ ದೊಡ್ಡವರು ಮಲಗುವ ಮಂಚ. ಲಂಡನ್ನಿನಲ್ಲಿ ಅದೇ ಮಾತು ಕೂಸಿನ ಹಾಸಿಗೆಯನ್ನು ಸೂಚಿಸುತ್ತದೆ. ಸ್ವಾರಸ್ಯವೆಂದರೆ, ಈ ಕಾಟ್ ಎಂಬುದು ಹುಟ್ಟಾ ಇಂಗ್ಲಿಷ್ ಮಾತೇ ಅಲ್ಲ. ಹಿಂದಿಯ ಖಾಟ್ ಎಂಬ ಮಾತನ್ನು 17ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಆಂಗ್ಲರು ತಮ್ಮದಾಗಿ ಮಾಡಿಕೊಂಡರು. ಕ್ರಿಬ್ ಎಂಬುದಾದರೋ ಮೂಲದಲ್ಲಿ ದನಗಳಿಗೆ ಮೇವು ಹಾಕುವ ಗೋದಲಿ. ಹೆಸರು ಯಾವುದೇ ಇರಲಿ, ಇಂದಿನ ಶಿಶುವೈದ್ಯರ ಸಲಹೆ ಒಂದೇ: ಎಳೆಗೂಸನ್ನು ಅಂಗಾತ ಮಲಗಿಸಬೇಕು, ಅದರ ಹಾಸಿಗೆಯಲ್ಲಿ ದಿಂಬಾಗಲಿ ಸಡಿಲವಾದ ಹೊದಿಕೆಯಾಗಲಿ ಇರಕೂಡದು. ಪೆಟ್ಟಿಗೆಯಲ್ಲಿಟ್ಟ ಕಂಬಳಿಯನ್ನು ಬಾಣಂತಿ ಹೊದೆಯಲಿ, ಮಗುವಿನ ಮುಖದ ಬಳಿಗೆ ಅದು ಬೇಡ.

ಇನ್ನು ಬಟ್ಟೆಬರೆ. ಮಗುವಿನ ಸೊಂಟಕ್ಕೆ ಸುತ್ತುವ ಬಟ್ಟೆಗೆ ಇಂಗ್ಲೆಂಡಿನಲ್ಲಿ ನ್ಯಾಪಿ, ಅಮೆರಿಕದಲ್ಲಿ ಡಯಾಪರ್. ನ್ಯಾಪಿ ಎಂಬುದು ನ್ಯಾಪ್ಕಿನ್ ಮಾತಿನ ಮೊಟಕು ರೂಪ. ಡಯಾಪರ್ ಎಂಬುದು ಹಿಂದೆ ಚೌಕುಳಿ ನೇಯ್ಗೆಯ ಬಿಳಿಯ ಬಟ್ಟೆಯ ಹೆಸರಾಗಿತ್ತು. ಜೊಲ್ಲು ಹನಿಯದಂತೆ ಕುತ್ತಿಗೆಗೆ ಕಟ್ಟುವುದು ಬಿಬ್. ಕೈಗೆ ಮಿಟನ್ಸ್, ಕಾಲಿಗೆ ಬೂಟೀಸ್. ಹಾಲು ಕುಡಿಸಿದ ಮೇಲೆ ಹೆಗಲ ಮೇಲೆ ಹಾಸಿಕೊಂಡು ಮಗುವಿಗೆ ತೇಗು ಬರಿಸುವ ಚೌಕದ ಬಟ್ಟೆಯನ್ನು ಇಂಗ್ಲೆಂಡಿನ ತಾಯಂದಿರು ಮಸ್ಲಿನ್ ಎಂದೇ ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಅಜ್ಜಿಯ ಹಳೆಯ ಸೀರೆಯ ತುಂಡು ಸಾಕು. ಗಲ್ಲದ ಕೆಳಗೆ ದಾರ ಕಟ್ಟುವ ಕುಲಾವಿಗೆ ಬಾನೆಟ್ ಎನ್ನಬಹುದು. ಆದರೆ ತಲೆಯನ್ನು ಮುಚ್ಚಿ ಬೆನ್ನ ಮೇಲೂ ಇಳಿಬೀಳುವ ಕುಂಚಿಗೆಗೆ ಒಂದೇ ಮಾತಿನ ಇಂಗ್ಲಿಷ್ ಹೆಸರಿಲ್ಲ. ಅದನ್ನು ಬಿಡಿಸಿಯೇ ಹೇಳಬೇಕು, ಇಲ್ಲವೆ ತೊಡಿಸಿ ತೋರಿಸಬೇಕು.

ಈ ಹೆಸರುಗಳನ್ನು ಕಲಿಯುವುದು ಕೇವಲ ಹೊತ್ತು ಕಳೆಯುವ ಹವ್ಯಾಸವಲ್ಲ. ಇಂಗ್ಲೆಂಡಿನಲ್ಲಿ ಹೆರಿಗೆಯಾದ ಮೇಲೆ ಮೊದಲು ಸೂಲಗಿತ್ತಿ ದಾದಿಯೂ ಆಮೇಲೆ ಆರೋಗ್ಯ ಸಂದರ್ಶಕಿಯೂ ಮನೆಗೇ ಬಂದು ವಿಚಾರಿಸುವ ಏರ್ಪಾಡು ಉಂಟು. ಆಗ ಅವರು ತಪ್ಪದೆ ಕೇಳುವ ಪ್ರಶ್ನೆಗಳಲ್ಲಿ ಒಂದು, ದಿನಕ್ಕೆ ಎಷ್ಟು ನ್ಯಾಪಿ ಒದ್ದೆಯಾಗುತ್ತಿವೆ ಎಂಬುದು. ಮಗುವಿಗೆ ಹಾಲು ಸಾಲುತ್ತಿದೆಯೆ ಎಂಬುದನ್ನು ಅಳೆಯಲು ಅದೇ ಮನೆಯ ಅಳತೆಗೋಲು. ಹುಟ್ಟಿದ ಮೊದಲೆರಡು ದಿನ ಎರಡು ಮೂರು ಸಾಕು. ಐದನೆಯ ದಿನದಿಂದ ದಿನವೊಂದಕ್ಕೆ ಕಡಮೆಯೆಂದರೆ 6 ನ್ಯಾಪಿಗಳಾದರೂ ಚೆನ್ನಾಗಿ ಒದ್ದೆಯಾಗಬೇಕು. ಬಾಣಂತಿ ನಿದ್ರೆಯಲ್ಲಿರುವಾಗ ಬಾಗಿಲು ತೆರೆಯುವವರು ಅಜ್ಜಿಯೇ. ನ್ಯಾಪಿ, ವೆಟ್, ಸಿಕ್ಸ್ ಎಂಬ ಮೂರು ಮಾತು ಅವರ ಬಾಯಲ್ಲಿದ್ದರೆ ಮಗುವಿನ ಅರ್ಧ ಯೋಗಕ್ಷೇಮವನ್ನು ಅವರೇ ತಿಳಿಸಿದಂತಾಯಿತು.

ಹಾಲು ಕುಡಿಸುವ ಸಾಮಾನುಗಳಲ್ಲಿ ಇನ್ನಷ್ಟು ಜೋಪಾನ ಬೇಕು. ಸೀಸೆಯ ತುದಿಯ ರಬ್ಬರಿಗೆ ಇಂಗ್ಲೆಂಡಿನಲ್ಲಿ ಟೀಟ್ ಎಂದೂ ಅಮೆರಿಕದಲ್ಲಿ ನಿಪಲ್ ಎಂದೂ ಹೆಸರು. ಅಳುವ ಮಗುವಿನ ಬಾಯಿಗಿಡುವ, ಹಾಲಿಲ್ಲದ ಚೀಪುಗೊಂಬೆ ಅಲ್ಲಿ ಡಮ್ಮಿ, ಇಲ್ಲಿ ಪ್ಯಾಸಿಫೈಯರ್; ಒಂದು ಹೆಸರಿಗೆ ಹುಸಿ ವಸ್ತು ಎಂದರ್ಥ, ಇನ್ನೊಂದಕ್ಕೆ ಸಮಾಧಾನಪಡಿಸುವುದು ಎಂದರ್ಥ. ಭಾರತದಲ್ಲಿ ಹಾಲುಣಿಸುವ ಸೀಸೆಗಳನ್ನೂ ಎದೆಹಾಲಿಗೆ ಬದಲಾಗಿ ಮಾರುವ ಪುಡಿಗಳನ್ನೂ ಜಾಹೀರಾತು ಮಾಡಕೂಡದೆಂದು 1992ರ ಕಾಯಿದೆ ವಿಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬೇಕಾಗಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಕ್ಸ್‌ಕ್ಲೂಸಿವ್ ಎಂದು ದಾದಿ ಹೇಳಿದರೆ ಅದರ ತಾತ್ಪರ್ಯ ಇಷ್ಟೆ: ಎದೆಹಾಲು ಮಾತ್ರ. ಹುಟ್ಟಿದೊಡನೆ ಜೇನುತುಪ್ಪ ನೆಕ್ಕಿಸುವ ಪದ್ಧತಿಯನ್ನು ಅಜ್ಜಿಯರು ಕೈಬಿಡಬೇಕು. ವರುಷ ತುಂಬುವ ಮೊದಲು ಜೇನು ಕೂಡದೆಂದು ವೈದ್ಯರು ಖಂಡಿತವಾಗಿ ಹೇಳುತ್ತಾರೆ.

ಹಾಗಾದರೆ ಪೆಟ್ಟಿಗೆಯಲ್ಲಿನ ಒಳಲೆ ವ್ಯರ್ಥವೆ? ಹಾಗೇನೂ ಇಲ್ಲ. ದಿನ ತುಂಬದೆ ಹುಟ್ಟಿ ಚೀಪಲಾರದ ಮಕ್ಕಳಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಂಥ ಪಾತ್ರೆಯಲ್ಲಿ ಕುಡಿಸುವುದನ್ನು ಭಾರತದ ಆಸ್ಪತ್ರೆಗಳು ಬಳಕೆಗೆ ತಂದಿವೆ. ಅದಕ್ಕೆ ಇಂಗ್ಲಿಷಿನಲ್ಲಿ ತಕ್ಕ ಹೆಸರಿಲ್ಲದ್ದರಿಂದ ನಮ್ಮ ವೈದ್ಯರು ತಮ್ಮ ಇಂಗ್ಲಿಷ್ ಲೇಖನಗಳಲ್ಲಿ ಪಾಲಾಡೈ ಎಂಬ ತಮಿಳು ಮಾತನ್ನೇ ಬರೆಯುತ್ತಾರೆ.

ಮಗುವನ್ನು ಹೊರಗೆ ಕರೆದೊಯ್ಯುವ ಗಾಡಿಗೆ, ಅದು ಮಲಗುವಂತಿದ್ದರೆ ಪ್ರಾಮ್. ಕುಳಿತುಕೊಳ್ಳುವಂತಿದ್ದರೆ ಇಂಗ್ಲೆಂಡಿನಲ್ಲಿ ಪುಷ್‌ಚೇರ್, ಅಮೆರಿಕದಲ್ಲಿ ಸ್ಟ್ರಾಲರ್. ವಾಕರ್ ಎಂಬ ಮಾತಿನಲ್ಲಿ ಮಾತ್ರ ಮೋಸವಿದೆ. ನಮ್ಮಲ್ಲಿ ಮಗು ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿಯೂ ವಾಕರ್, ಮಗುವನ್ನು ನಡುವೆ ಕೂರಿಸಿ ಗಾಲಿಗಳ ಮೇಲೆ ಉರುಳಿಬಿಡುವ ಬುಟ್ಟಿಯಂಥ ಯಂತ್ರವೂ ವಾಕರ್. ಎರಡನೆಯದರಿಂದ ಮಗು ಬೇಗ ನಡೆಯಲು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿ ಬೀಳುವ ಅಪಾಯವೇ ಹೆಚ್ಚು. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಹೆಸರನ್ನು ನಂಬಿ ವಸ್ತುವನ್ನು ಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟೆಲ್ಲ ಕಲಿಯುವುದು ನಡುವಯಸ್ಸು ದಾಟಿದವರಿಗೆ ಸಾಧ್ಯವೆ ಎಂದು ಕೆಲವರು ಸಂದೇಹಪಡಬಹುದು. ಚಳ್ಳಕೆರೆ, ಮೊಳಕಾಲ್ಮೂರುಗಳ ಜನಕ್ಕೆ ಎರಡನೆಯ ಭಾಷೆ ಹೊಸದಲ್ಲ. ಆಂಧ್ರದ ಗಡಿಯಲ್ಲಿರುವ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಎಷ್ಟೋ ಇವೆ. ಒಂದೇ ಬೀದಿಯಲ್ಲಿ ಒಂದು ಮಗು ಹಾಲಿಗೆ ಅತ್ತರೆ ಇನ್ನೊಂದು ಮಗು ಪಾಲಿಗೆ ಅಳುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ. ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ಬಿ. ಎಲ್. ರೈಸ್ ಅವರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಅದನ್ನು ಬರೆದ ಚಪಡನು ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಅಕ್ಷರಗಳಲ್ಲಿ ಬರೆದಿದ್ದಾನೆ. ಪರಸ್ಥಳದ ಭಾಷೆಯಲ್ಲಿ ಕೆಲಸ ಮಾಡುತ್ತಲೇ ತನ್ನ ಕಡೆಯ ಅಕ್ಷರವನ್ನು ಮರೆಯದ ಮನುಷ್ಯ ಅವನು. ತಾಯಿತಂದೆಯರ ಮಾತನ್ನು ಕೇಳಬೇಕೆಂಬುದು ಆ ಬಂಡೆಯ ಮೇಲಿನ ಬೋಧೆಗಳಲ್ಲಿ ಒಂದು.

ಹಾಗೆಯೇ ಕನ್ನಡ ಹೆಸರುಗಳೂ ಪೆಟ್ಟಿಗೆಯಲ್ಲಿಯೇ ಉಳಿದುಬಿಡಬಾರದು. ಕಂಬಳಿಗೆ ಬ್ಲಾಂಕೆಟ್ ಎಂದರೆ ಸರಿಹೋದೀತು. ಆದರೆ ಕುರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿಯಲ್ಲಿ ಹಾಸನ್ನು ಬಿಗಿಗೊಳಿಸಿ ಕೈಮಗ್ಗದಲ್ಲಿ ನೇಯ್ದ ಆ ವಸ್ತುವಿನ ಒರಟುತನವೂ ಬಿಸುಪೂ ಬ್ಲಾಂಕೆಟ್ ಎಂಬ ಮಾತಿನಲ್ಲಿ ಇಲ್ಲ. ಭಾರತದಲ್ಲಿದ್ದ ಆಂಗ್ಲರಿಗೂ ಇದು ಹೊಳೆದಿರಬೇಕು. 1886ರಲ್ಲಿ ಪ್ರಕಟವಾದ ಅವರ ಹಾಬ್ಸನ್–ಜಾಬ್ಸನ್ ಎಂಬ ಪದಕೋಶದಲ್ಲಿ ಕಂಬಳಿ ಕಂಬ್ಲಿಯಾಗಿ ಸ್ಥಾನ ಪಡೆದಿದೆ. ಕೂಲಿಯ ಹೆಂಗಸು ಹೊಲದ ಬೇವಿನ ಕೊಂಬೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸುವ ಜೋಳಿಗೆಗೆ ಇಂಗ್ಲಿಷಿನ ಸ್ಲಿಂಗ್ ಒಪ್ಪುವುದಿಲ್ಲ. ಅದು ಮೈಗೆ ಕಟ್ಟಿಕೊಳ್ಳುವಂಥದು. ಇನ್ನು ಬಾಣಂತನ ಎಂಬ ಮಾತಿಗೆ ಸಮನಾದದ್ದನ್ನು ಹುಡುಕಹೊರಟರೆ ವೈದ್ಯರ ಪರಿಭಾಷೆ ಸಿಕ್ಕೀತೇ ಹೊರತು ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ತಾಯಿಯ ಕೈಯಡುಗೆ ಸಿಕ್ಕಲಾರವು.

ಹೊರಡುವ ಹಿಂದಿನ ರಾತ್ರಿ ಚಳ್ಳಕೆರೆಯ ಆ ತಾಯಿ ನೋಟುಪುಸ್ತಕದ ಕೊನೆಯ ಹಾಳೆಗಳಿಗೂ ಗೀಟು ಎಳೆದಿದ್ದಾರೆ. ಇಂಗ್ಲಿಷ್ ಹೆಸರುಗಳ ಪಟ್ಟಿ ತುಂಬಿದೆ. ಈ ಹಾಳೆಗಳಲ್ಲಿ ಕನ್ನಡದ ಹೆಸರುಗಳು ಮಾತ್ರ, ತೊಟ್ಟಿಲು, ಕುಲಾವಿ, ಗಿಲಕಿ, ಒಳಲೆ, ದೊಡ್ಡ ದೊಡ್ಡ ಅಕ್ಷರಗಳಲ್ಲಿ. ಅವನ್ನು ಓದುವವರು ಇನ್ನೂ ಹುಟ್ಟಬೇಕಾಗಿದೆ.