ಹಾಸ್ಟೆಲ್‌ನ ಬೆಂಕಿ ತಡೆ ಬಾಗಿಲುಗಳು ಏಕೆ?



ಈ ವರ್ಷ ನಮ್ಮ ಹಾಸ್ಟೆಲ್‌ಗೆ ಬಂದ ಹಲವರು ಮೆಟ್ಟಿಲ ಬಳಿ ಹಾಕಿಸಿದ ಹೊಸ ಬಾಗಿಲುಗಳ ಬಗ್ಗೆ ಕೇಳಿದರು. ತುಂಬಾ ಭಾರ, ಕೈ ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತವೆ, ಪೆಟ್ಟಿಗೆ ಹೊತ್ತವರಿಗೆ ತೊಂದರೆ. ದಾನದ ಹಣವನ್ನು ಇದಕ್ಕೇಕೆ ಖರ್ಚು ಮಾಡಬೇಕಿತ್ತು ಎಂದು ಕೇಳುವ ಹಕ್ಕು ತಮಗಿದೆ.

ಬೆಂಕಿ ಬಿದ್ದ ಕಟ್ಟಡದಲ್ಲಿ ಅನೇಕರ ಪ್ರಾಣ ಹೋಗುವುದು ಜ್ವಾಲೆಯಿಂದಲ್ಲ, ಹೊಗೆಯಿಂದ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಹೊಗೆಯಿಂದ ತುಂಬಿದಾಗ ಜನ ಗಾಜು ಒಡೆದು ಮೇಲಿಂದ ಜಿಗಿದರು. ಅಂದು 9 ಮಂದಿ ತೀರಿಕೊಂಡರು. ತಡೆಯಿಲ್ಲದ ಮೆಟ್ಟಿಲು ಹೊಗೆಗೆ ಚಿಮಣಿಯಿದ್ದಂತೆ. ಕೆಳಗಿನ ಅಡುಗೆಮನೆಯ ಹೊಗೆ ನೋಡನೋಡುತ್ತಲೇ ಮೇಲಿನ ಮಹಡಿಯಲ್ಲಿ ಮಲಗಿದ ಮಕ್ಕಳನ್ನು ಮುಟ್ಟುತ್ತದೆ.

ಬೆಂಕಿ ತಡೆ ಬಾಗಿಲು ಬೆಂಕಿಯನ್ನು ಆರಿಸುವುದಿಲ್ಲ. ತಪ್ಪಿಸಿಕೊಳ್ಳಲು ಸಮಯ ಕೊಡುತ್ತದೆ. ಬಾಗಿಲಿಗೆ ತಕ್ಕಂತೆ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ತಡೆಯುವಂತೆ ಕುಲುಮೆಯಲ್ಲಿ ಪರೀಕ್ಷಿಸಿರುತ್ತಾರೆ. ಪರೀಕ್ಷೆ ಹಲಗೆಯೊಂದಕ್ಕೇ ಅಲ್ಲ. ಚೌಕಟ್ಟು, ಕೀಲು, ಚಿಲಕ ಎಲ್ಲ ಸೇರಿಯೇ. ಅಂಚಿನಲ್ಲಿ ಕೂರಿಸಿದ ಪಟ್ಟಿ ಬಿಸಿಗೆ ಉಬ್ಬಿ ಸಂದನ್ನು ಮುಚ್ಚುತ್ತದೆ. ಆದ್ದರಿಂದ ಬಡಗಿಯನ್ನು ಕರೆಸಿ ಕೆಳಗಿನ ಅಂಚು ಕೆತ್ತಿಸಿದರೆ, ಅಥವಾ ಹೊಸ ಬೀಗಕ್ಕೆಂದು ತೂತು ಕೊರೆಸಿದರೆ, ಕೊಟ್ಟ ಹಣ ವ್ಯರ್ಥ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮೇಲಿರುವ ಡೋರ್ ಕ್ಲೋಸರ್. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರ ರಾತ್ರಿಯ ಬೆಂಕಿಗೆ ಒಟ್ಟು 72 ಜನ ಬಲಿಯಾದರು. ರಮಝಾನ್ ತಿಂಗಳಾದ್ದರಿಂದ ಅಲ್ಲಿನ ಕೆಲವು ಮುಸ್ಲಿಂ ಕುಟುಂಬಗಳು ಆ ಹೊತ್ತಿಗೂ ಎಚ್ಚರವಾಗಿದ್ದವು. ಬೆಂಕಿ ಕಟ್ಟಡವನ್ನೆಲ್ಲ ಸುತ್ತಿದ್ದು ಹೊರಗೋಡೆಯ ಹೊದಿಕೆಯಿಂದ, ನಿಜ. ಆದರೆ ಹಲವು ಮನೆಗಳ ಬಾಗಿಲಿಗೆ ಕ್ಲೋಸರ್ ಇರಲಿಲ್ಲ ಅಥವಾ ಕೆಟ್ಟಿತ್ತು. ಜನ ಓಡಿಹೋದ ಮೇಲೆ ಆ ಬಾಗಿಲುಗಳು ತೆರೆದೇ ಉಳಿದು, ಹೊಗೆ ಮೆಟ್ಟಿಲ ಮುಂದಿನ ಜಾಗಕ್ಕೆ ನುಗ್ಗಿತೆಂದು ವಿಚಾರಣಾ ಆಯೋಗ ಹೇಳಿದೆ. ಪ್ರಾಣಭಯದಲ್ಲಿ ಓಡುವವರು ಹಿಂದಿರುಗಿ ಬಾಗಿಲು ಹಾಕುತ್ತಾರೆಯೇ? ಆ ಕೆಲಸವನ್ನು ಬಾಗಿಲೇ ಮಾಡಬೇಕು.

ಹೇಳಲು ಸಂಕೋಚ, ಆದರೂ ಹೇಳುತ್ತೇವೆ: ಬಾಗಿಲು ಹಾಕಿಸಿದ ಎರಡನೇ ವಾರದಲ್ಲೇ ಎರಡನೇ ಮಹಡಿಯಲ್ಲಿ ಅದಕ್ಕೆ ಇಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟಿದ್ದರು. ಮಕ್ಕಳನ್ನು ಗದರಿಸಲಿಲ್ಲ. ಸೆಖೆ ಹೆಚ್ಚಿತ್ತು, ಗಾಳಿ ಬೇಕಿತ್ತು. ಆ ಪಡಸಾಲೆಗೆ ಈಗ ಕಿಟಕಿ ಮತ್ತು ಫ್ಯಾನ್ ಹಾಕಿಸಿದ್ದೇವೆ. ಅದರ ವೆಚ್ಚ ಲೆಕ್ಕಪತ್ರದಲ್ಲಿದೆ.

ಒಂದು ಗೊಂದಲ ಬೇಡ. ಮುಚ್ಚಿರಬೇಕೆಂದರೆ ಬೀಗ ಹಾಕಿರಬೇಕೆಂದಲ್ಲ. ಒಳಗಿನಿಂದ ತಳ್ಳಿದರೆ ಕೀಲಿಯಿಲ್ಲದೆ ತೆರೆಯಲೇಬೇಕು.

ವಿದ್ಯಾರ್ಥಿವೇತನ ಪಡೆದು ಬೇರೆ ಊರಿನ ಪಿಜಿ ಅಥವಾ ಹಾಸ್ಟೆಲ್‌ಗಳಲ್ಲಿ ಇರಲಿರುವವರು ಮುಂಗಡ ಕೊಡುವ ಮುಂಚೆ ಮೆಟ್ಟಿಲನ್ನೊಮ್ಮೆ ಹತ್ತಿ ಇಳಿದು ನೋಡಿ. ರಾತ್ರಿ ಕೆಳಗಿನ ಗೇಟಿಗೆ ಬೀಗ ಹಾಕುತ್ತಾರೆಯೇ, ಕೀಲಿ ಯಾರ ಬಳಿ ಇರುತ್ತದೆ ಎಂದು ಪೋಷಕರೇ ಕೇಳಲಿ.