ಪಿನ್ನು ಯಾವ ಅಳತೆಯದು?

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯದ ಚಿತ್ರೀಕರಣಕ್ಕೆ ಹೋಗಿದ್ದಾಗ ನಮ್ಮ ಕ್ಯಾಮೆರಾ ಪೆಟ್ಟಿಗೆಯ ಒಂದು ಬೀಗದ ಕೈ ಕಳೆದುಹೋಯಿತು. ಜೊತೆಯ ಇನ್ನೊಂದು ಕೈ ಇತ್ತು, ಕೆಲಸ ನಿಲ್ಲಲಿಲ್ಲ. ಆದರೆ ಕಳೆದದ್ದು ಯಾರ ಕೈಗೆ ಸಿಕ್ಕಿದೆಯೋ! ಕೀಲಿಯನ್ನೇ ಬದಲಿಸಿಬಿಡಿ ಎಂದರು ಊರಿನ ಹಿರಿಯರೊಬ್ಬರು. ಈ ಸೀಮೆಯಲ್ಲಿ ಬೀಗಕ್ಕೆ ಕೀಲಿ ಎಂದೇ ಹೆಸರು. ಆದರೆ ಬೀಗ ಎಸೆಯಬೇಕಾಗಿರಲಿಲ್ಲ. ಒಳಗಿನ ಪಿನ್ನುಗಳನ್ನು ನಮ್ಮ ಇನ್ನೊಂದು ಪೆಟ್ಟಿಗೆಯ ಕೈಗೆ ಹೊಂದುವಂತೆ ಬದಲಿಸಿದರೆ ಸಾಕಿತ್ತು.

ಎಲ್ಲ ಬೀಗಗಳಲ್ಲೂ ಇದು ಆಗದು. ಅಲಿಗಢದ ಹಲವು ಬೀಗಗಳು ಲಿವರ್ ಬಗೆಯವು, ಅವುಗಳಲ್ಲಿ ಪಿನ್ನುಗಳಿಲ್ಲ. ರಿವೆಟ್ ಹೊಡೆದ ಬೀಗವನ್ನು ಬಿಚ್ಚುವಂತಿಲ್ಲ. ನಮ್ಮದು ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಪಿನ್ನು ಬೀಗದ ಸಂತತಿ. ಕೊಂಡಿ ತೆರೆದಾಗ ಅದರ ರಂಧ್ರದೊಳಗೆ ಸ್ಕ್ರೂ ಕಾಣುತ್ತದೆ.

ಬೀಗದೊಳಗೆ ತಿರುಗುವ ಒಂದು ಉರುಳೆ ಇದೆ. ಅದರ ಪ್ರತಿ ರಂಧ್ರದಲ್ಲಿ ಕೆಳಗೊಂದು ಪಿನ್ನು, ಮೇಲೊಂದು ಪಿನ್ನು, ಅದರ ಮೇಲೆ ಸ್ಪ್ರಿಂಗ್. ಲೇತ್‌ನಲ್ಲಿ ಕಡೆದ ಆ ಪುಟ್ಟ ಹಿತ್ತಾಳೆ ಪಿನ್ನುಗಳು ಇಟಗಿಯ ನುಣುಪು ಕಂಬಗಳ ಮರಿಗಳಂತೆ ನನಗೆ ಕಂಡವು. ಸರಿಯಾದ ಕೈ ಹಾಕಿದಾಗ ಕೆಳಪಿನ್ನಿನ ತಲೆ ಉರುಳೆಯ ಅಂಚಿಗೆ ಸಮನಾಗುತ್ತದೆ. ಆಗಲೇ ಉರುಳೆ ತಿರುಗುವುದು. ಪಿನ್ನು ಉದ್ದವಾದರೆ ಅದೇ ಹೊರಚಾಚಿ ತಡೆಯುತ್ತದೆ, ಗಿಡ್ಡವಾದರೆ ಮೇಲಿನ ಪಿನ್ನು ಒಳಕ್ಕಿಳಿದು ತಡೆಯುತ್ತದೆ.

ಹಾಗಾದರೆ ಲೆಕ್ಕ ಬರೀ ಕಳೆಯುವುದು. ಉರುಳೆಯ ವ್ಯಾಸದಿಂದ ಕಚ್ಚಿನ ಬಳಿ ಕೈಯ ಎತ್ತರವನ್ನು ಕಳೆದರೆ ಉಳಿದದ್ದು ಕೆಳಪಿನ್ನಿನ ಉದ್ದ. ನಮ್ಮ ಬೀಗ ಶ್ಲೇಗ್ ಪದ್ಧತಿಯದು: ಉರುಳೆ 12.7 ಮಿ.ಮೀ., ಪಿನ್ನಿನಿಂದ ಪಿನ್ನಿಗೆ ಮೆಟ್ಟಿಲು 0.381 ಮಿ.ಮೀ. ಬೇರೆ ತಯಾರಕರ ಮೆಟ್ಟಿಲು ಬೇರೆ. ಮೂರನೆಯ ಕಚ್ಚಿನಲ್ಲಿ ಎತ್ತರ 7.0 ಬಂತು. 12.7ರಲ್ಲಿ 7.0 ಕಳೆದರೆ 5.7, ಪಟ್ಟಿಯಲ್ಲಿರುವ ಪಿನ್ನು 5.72.

ಅಳೆಯಲು ಯಾವ ಉಪಕರಣ? ನಿಮ್ಮ ಪ್ರಯೋಗಾಲಯದ ಸ್ಕ್ರೂ ಗೇಜ್ ಹೆಚ್ಚು ಸೂಕ್ಷ್ಮ, ನಿಜ. ಆದರೆ ಅದರ ಅಗಲ ಮುಖ ಕಚ್ಚಿನ ಕಣಿವೆಗೆ ಇಳಿಯದು. ಕೈಗೆ ವರ್ನಿಯರ್‌ನ ತೆಳು ತುದಿಯೇ ಬೇಕು, ಬಿಡಿ ಪಿನ್ನಿಗೆ ಸ್ಕ್ರೂ ಗೇಜ್ ಇರಲಿ. ಮೆಟ್ಟಿಲು 0.381 ಆದ್ದರಿಂದ 0.1 ಮಿ.ಮೀ. ತೋರಿಸುವ ವರ್ನಿಯರ್ ಕೂಡ ಸಾಕು.

ನಾಲ್ಕನೆಯ ಕಚ್ಚಿನಲ್ಲಿ ತೊಡಕು ಬಂತು. ಎತ್ತರ 7.15, ಅಂದರೆ ಪಿನ್ನು 5.55. ಪಟ್ಟಿಯಲ್ಲಿ 5.33 ಇದೆ, 5.72 ಇದೆ, ನಡುವೆ ಏನೂ ಇಲ್ಲ. ಹತ್ತಿರದ್ದೆಂದು 5.72 ಆರಿಸಿದೆವು. ಉರುಳೆಯನ್ನು ಅದೇ ದಪ್ಪದ ಕಡ್ಡಿಯಿಂದ ಹಿಂದಿನಿಂದ ತಳ್ಳಿ ತೆಗೆದಿದ್ದೆವು (ಇಲ್ಲದಿದ್ದರೆ ಸ್ಪ್ರಿಂಗುಗಳು ಹಾರಿ ನೆಲದಲ್ಲಿ ಹುಡುಕಬೇಕಾಗುತ್ತದೆ). ಪಿನ್ನು ತುಂಬಿ, ಕೈ ಹಾಕಿ, ಉರುಳೆಯ ಮೇಲೆ ಉಗುರು ಎಳೆದಾಗ ನಾಲ್ಕನೆಯದು ತಗಲಿತು.

ತಪ್ಪು ನನ್ನದೇ. ಕೈ ಹಳೆಯದು, ಸವೆತ ಎತ್ತರವನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. ಮೂಲ ಎತ್ತರ 7.15ಕ್ಕಿಂತ ಹೆಚ್ಚೇ ಇದ್ದಿರಬೇಕು, ಹಾಗಾಗಿ ಪಿನ್ನು ಗಿಡ್ಡದ್ದೇ. ಜೊತೆಗಿದ್ದ ಹುಡುಗ ಅರ ಹಿಡಿದು ಪಿನ್ನಿನ ತಲೆ ಉಜ್ಜಲು ಹೊರಟಿದ್ದ, ತಡೆದೆ. ಉಜ್ಜಿ ಸಡಿಲವಾದ ಬೀಗ ಪಕ್ಕದ ಮನೆಯ ಕೈಗೂ ಒಲಿಯಬಹುದು.

5.33 ಹಾಕಿ, ಸವೆದ ಕೈಯ ಬದಲು ಸರಿ ಅಳತೆಗೆ ಹೊಸ ಕೈ ಕಡಿಸಿದೆವು. ಉಗುರು ಸಲೀಸಾಗಿ ಜಾರಿತು. ಕಳೆದುದರ ಜೊತೆಗಾರ ಕೈಯನ್ನೂ ಹಾಕಿ ನೋಡಿದೆವು. ಬೀಗ ಅಲುಗಲಿಲ್ಲ.