ಹೆರಿಗೆಯ ಕೋಣೆಗೆ ಅವಸರ ಹೊಕ್ಕ ಕಥೆ

ಹುಟ್ಟಿದ ಮಾರನೆಯ ದಿನ ಕೂಸಿನ ತಲೆಯ ಒಂದು ಬದಿಗೆ ಮೆತ್ತನೆಯ ಗಂಟು ಕಾಣುತ್ತದೆ. ಇನ್ನೊಂದು ಮನೆಯಲ್ಲಿ ಕೂಸಿನ ಒಂದು ಕೈ ಆಡುವುದಿಲ್ಲ. ಭುಜದಿಂದ ಜೋತುಬಿದ್ದು ಅಂಗೈ ಹಿಂದಕ್ಕೆ ತಿರುಗಿರುತ್ತದೆ. ಮತ್ತೊಂದು ಕೂಸು ಹುಟ್ಟಿದ ಕೂಡಲೇ ಅಳಲಿಲ್ಲ, ಮರುದಿನ ಫಿಟ್ಸ್ ಬಂತು. ಯಾಕೆ ಹೀಗಾಯಿತೆಂದು ಕೇಳಿದರೆ ಬೆರಳು ಗ್ರಹಣದ ಕಡೆ ಹೋಗುತ್ತದೆ, ಸೂಲಗಿತ್ತಿಯ ಕಡೆ ಹೋಗುತ್ತದೆ, ಬಹಳ ಸಲ ಹಡೆದವಳ ಕಡೆಗೇ ತಿರುಗುತ್ತದೆ. ಆದರೆ ಇಂಥ ಪೆಟ್ಟುಗಳ ಕಾರಣ ಹೆಚ್ಚಾಗಿ ಹೆರಿಗೆಯ ಆ ಕೆಲವೇ ಗಂಟೆಗಳಲ್ಲಿರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಆ ಗಂಟೆಗಳು ಹೇಗೆ ಬದಲಾದವು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಮೊದಲು ಪೆಟ್ಟುಗಳನ್ನು ಗುರುತಿಸೋಣ. ಹುಟ್ಟುವಾಗಲೇ ತಲೆಯ ಮೇಲಿರುವ ನೀರು ತುಂಬಿದಂಥ ಊತ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ತಲೆಬುರುಡೆಯ ಎಲುಬಿಗೂ ಅದರ ಮೇಲಿನ ಪೊರೆಗೂ ನಡುವೆ ರಕ್ತ ಸೇರಿದರೆ ಗಂಟು ಕೆಲವು ಗಂಟೆ ಕಳೆದು ಕಾಣಿಸುತ್ತದೆ, ಒಂದೇ ಎಲುಬಿನ ಎಲ್ಲೆಯೊಳಗೆ ನಿಲ್ಲುತ್ತದೆ. ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ರಕ್ತ ಕರಗುವಾಗ ಕಾಮಾಲೆ ಹೆಚ್ಚಬಹುದು. ಎರೆಯುವಾಗ ಎಣ್ಣೆ ಹಚ್ಚಿ ಈ ಗಂಟನ್ನು ಒತ್ತುವುದು, ಸೂಜಿ ಚುಚ್ಚಿ ರಕ್ತ ತೆಗೆಸುವುದು ಎರಡೂ ಅಪಾಯ. ವ್ಯಾಕ್ಯೂಮ್ ಹಾಕಿ ಎಳೆದ ಮೇಲೆ ಊತ ಇಡೀ ತಲೆಗೆ ಹರಡುತ್ತಾ ಕೂಸು ಬಿಳಿಚಿಕೊಂಡರೆ ಒಂದು ನಿಮಿಷವೂ ಕಾಯಬಾರದು. ಒಳಗೆ ರಕ್ತ ಹರಿಯುತ್ತಿರುವ ಸೂಚನೆ ಅದು.

ತಲೆ ಹೊರಬಂದು ಭುಜ ಸಿಕ್ಕಿಕೊಂಡಾಗ ಕತ್ತಿನ ನರಗಳು ಎಳೆದಂತಾಗಿ ಕೈ ಸೋಲುತ್ತದೆ. ಸಕ್ಕರೆ ಕಾಯಿಲೆಯಿರುವ ತಾಯಂದಿರ ದೊಡ್ಡ ಕೂಸುಗಳಲ್ಲಿ ಇದರ ಸಂಭವ ಹೆಚ್ಚು. ಬಹುತೇಕ ಕೂಸುಗಳ ಕೈ ಚೇತರಿಸಿಕೊಳ್ಳುತ್ತದೆ. ಆದರೆ ಮೂರು ತಿಂಗಳಾದರೂ ಮೊಣಕೈ ಮಡಚದಿದ್ದರೆ ತಜ್ಞರಿಗೆ ತೋರಿಸಲೇಬೇಕು. ಹೆರಿಗೆಯಲ್ಲಿ ಹೆಚ್ಚಾಗಿ ಮುರಿಯುವ ಎಲುಬು ಕೊರಳೆಲುಬು. ಅದು ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಎಲ್ಲಕ್ಕಿಂತ ಭಾರವಾದದ್ದು ಹೊರಗೆ ಕಾಣದ ಪೆಟ್ಟು: ಆಮ್ಲಜನಕ ಸಾಲದೆ ಮಿದುಳಿಗಾಗುವ ಹಾನಿ. ಕಷ್ಟದ ಹೆರಿಗೆಗೂ ಮಕ್ಕಳ ಕೈಕಾಲು ಸೆಟೆದುಕೊಳ್ಳುವುದಕ್ಕೂ ಸಂಬಂಧವಿದೆಯೆಂದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲೇ ಹೇಳಿದ್ದ.

ಬಹುಕಾಲ ಈ ಹಾನಿಗೆ ದೊಡ್ಡ ಕಾರಣವಾಗಿದ್ದದ್ದು ತಡ. ಚಿಕ್ಕ ವಯಸ್ಸಿಗೆ ಮದುವೆ, ಬೆಳವಣಿಗೆ ಮುಗಿಯದ ಮೈ, ಕಿರಿದಾದ ಸೊಂಟದ ಎಲುಬು. ಕೂಸು ಅಡ್ಡ ಸಿಕ್ಕಿಕೊಂಡರೆ ಸಿಸೇರಿಯನ್ ಆಗುವ ಆಸ್ಪತ್ರೆ ದೂರ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೇ 1997ರ ಆಗಸ್ಟ್ 24ರಂದು; ಅಲ್ಲಿಯವರೆಗೆ ಜಿಲ್ಲಾಕೇಂದ್ರ ರಾಯಚೂರೇ ಆಗಿತ್ತು.

ಈ ತಡಕ್ಕೆ ಉತ್ತರವೆಂಬಂತೆ ಬಂದದ್ದು ನೋವು ಹೆಚ್ಚಿಸುವ ಇಂಜೆಕ್ಷನ್. ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು ಹೆನ್ರಿ ಡೇಲ್ 1906ರಲ್ಲಿ ಕಂಡುಕೊಂಡ. ಆ ಸಾರದಲ್ಲಿದ್ದ ಆಕ್ಸಿಟೋಸಿನ್ ಅನ್ನು ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ. 1955ರಲ್ಲಿ ಅವನಿಗೆ ನೊಬೆಲ್ ಬಂತು. ಮದ್ದು ಅಗ್ಗವಾಯಿತು, ಹಳ್ಳಿಗೂ ಬಂತು.

ಆಸ್ಪತ್ರೆಯಲ್ಲಿ ಇದನ್ನು ಸಲೈನಿನಲ್ಲಿ ಬೆರೆಸಿ ಹನಿಹನಿಯಾಗಿ ಕೊಡುತ್ತಾರೆ, ಬೇಡವೆನಿಸಿದರೆ ನಿಲ್ಲಿಸುತ್ತಾರೆ. ಹೆರಿಗೆಗೆ ಮೊದಲು ಸ್ನಾಯುವಿಗೆ ಚುಚ್ಚಿದರೆ ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವಿನ ಬಿಡುವಿನಲ್ಲೇ ಮಾಸಿನ ಮೂಲಕ ಕೂಸಿಗೆ ಹೊಸ ರಕ್ತ ತಲುಪುವುದು. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬರತೊಡಗಿದರೆ ಆ ಬಿಡುವು ಸಾಲದೆ ಕೂಸಿನ ಉಸಿರಿಗೇ ಸಂಚಕಾರ.

ಬೆಂಗಳೂರಿನ ಐಐಎಂ ಕೊಪ್ಪಳದಲ್ಲಿ ನಡೆಸಿದ ಲಿಂಗ ಮತ್ತು ಆರೋಗ್ಯ ಸಮಾನತೆ ಯೋಜನೆಯಲ್ಲಿ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಈ ಸೀಮೆಯ ಬಾಣಂತಿಯರ ಸಾವುಗಳ ಬೆನ್ನುಹತ್ತಿದರು. ಹೆರಿಗೆ ಬೇಗ ಮುಗಿಸಲೆಂದು ಮನೆಗಳಲ್ಲಿ ವಿವೇಚನೆಯಿಲ್ಲದೆ ಕೊಡುತ್ತಿದ್ದ ಇಂಜೆಕ್ಷನ್ನು ಅವರ ಅಧ್ಯಯನಗಳಲ್ಲಿ ದಾಖಲಾಯಿತು. ತಡಕ್ಕೆ ಮದ್ದು ಹುಡುಕಿದವರ ಮನೆಗೆ ಅವಸರ ಹೀಗೆ ಹೊಕ್ಕಿತು. ತಡ ಮಾತ್ರ ಹಾಗೇ ಉಳಿಯಿತು.

2005ರ ನಂತರ ಚಿತ್ರ ಬದಲಾಯಿತು. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡ್ ಬಂದವು. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಓಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಯಲ್ಲಾಗುತ್ತಿದ್ದವು; 2019–20ರ ಹೊತ್ತಿಗೆ 97. ಕೊಪ್ಪಳವೂ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಅನುಭವಿ ನರ್ಸುಗಳನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸುಗಳಿಗೆ ಮಾರ್ಗದರ್ಶಕರನ್ನಾಗಿಸುವ ಪದ್ಧತಿಯನ್ನು ರೂಪಿಸಿತು. 2015ರಲ್ಲಿ ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜೂ ಬಂತು.

ಆದರೆ ಅವಸರ ಮನೆಯಲ್ಲೇ ಉಳಿಯಲಿಲ್ಲ. ಮಂಚಗಳು ತುಂಬಿದ, ಕೈಗಳು ಸಾಲದ ಹೆರಿಗೆ ಕೋಣೆಗೆ ತಾಯಿಯ ಹಿಂದೆಯೇ ಬಂತು: ನೋವು ಬೇಗ ಬರಲೆಂದು ಸಲೈನು, ಕೂಸು ಬೇಗ ಜಾರಲೆಂದು ಹೊಟ್ಟೆಯ ಮೇಲೆ ಒತ್ತು. ಹೊಟ್ಟೆ ಒತ್ತಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು. ಗಂಟೆಗೊಂದು ಸೆಂಟಿಮೀಟರ್ ಗರ್ಭಕೋಶದ ಬಾಯಿ ತೆರೆಯಲೇಬೇಕೆಂಬ ಹಳೆಯ ಅಳತೆಯನ್ನು ಕೈಬಿಟ್ಟು, ತಾಯಿ ಕೂಸು ಚೆನ್ನಾಗಿದ್ದರೆ ಕಾಯಬಹುದು ಎಂದಿತು. 2020ರಲ್ಲಿ, ಹೆರಿಗೆಯ ಪ್ರಗತಿ ಗುರುತಿಸುತ್ತಿದ್ದ ಹಳೆಯ ಪಾರ್ಟೋಗ್ರಾಫ್ ನಕ್ಷೆಯ ಜಾಗಕ್ಕೆ ಹೊಸ ಹೆರಿಗೆ ಆರೈಕೆ ಪತ್ರಿಕೆಯನ್ನೂ ತಂದಿತು. ಕೂಸಿನ ಎದೆಬಡಿತ, ನೋವಿನ ಲೆಕ್ಕ, ತಾಯಿಯ ಜೊತೆ ಯಾರಾದರೂ ಇದ್ದಾರೆಯೇ ಎಂಬುದು, ಎಲ್ಲವನ್ನೂ ಅದರಲ್ಲಿ ಹೊತ್ತುಹೊತ್ತಿಗೆ ಬರೆಯಬೇಕು.

ಔಷಧಿಯನ್ನೇ ದೂರುವುದೂ ತಪ್ಪಾದೀತು. ಹಾಲು ಕರೆಯುವ ಎಮ್ಮೆ ಹಸುಗಳಿಗೆ ಚುಚ್ಚುತ್ತಾರೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳ ಆಕ್ಸಿಟೋಸಿನ್ ತಯಾರಿಕೆಯನ್ನು ನಿಷೇಧಿಸಿ, ದೇಶಕ್ಕೆಲ್ಲ ಪೂರೈಸುವ ಹೊಣೆಯನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಯೊಂದಕ್ಕೇ ವಹಿಸಿತು. ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಯಾಕೆಂದರೆ ಕೂಸು ಹುಟ್ಟಿದ ಮೇಲೆ ಕೊಡುವ ಇದೇ ಇಂಜೆಕ್ಷನ್ ರಕ್ತಸ್ರಾವ ತಡೆದು ತಾಯಿಯ ಜೀವ ಉಳಿಸುತ್ತದೆ.

ಆದ್ದರಿಂದ ಮನೆಯವರು ಕೇಳಬೇಕಾದ ಪ್ರಶ್ನೆಗಳಿವೆ: ಇದು ಯಾವ ಇಂಜೆಕ್ಷನ್, ಈಗಲೇ ಯಾಕೆ, ಕೂಸಿನ ಎದೆಬಡಿತ ನೋಡಿದಿರಾ? ‘ಬೇಗ ಮಾಡಿ ಮುಗಿಸ್ರಿ’ ಎಂದು ನಾವೇ ಒತ್ತಾಯಿಸುವುದನ್ನೂ ಬಿಡಬೇಕು. ಸರ್ಕಾರ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾದವು ಎಂಬ ಲೆಕ್ಕ ಇಟ್ಟಷ್ಟೇ ಶ್ರದ್ಧೆಯಿಂದ ಪ್ರತಿ ಪಾಳಿಯಲ್ಲಿ ಎಷ್ಟು ನರ್ಸುಗಳಿದ್ದರು ಎಂಬ ಲೆಕ್ಕವೂ ಇರಲಿ. ಪಕ್ಕದಲ್ಲಿ ಕುಳಿತು ನೋಡಲು ತರಬೇತಾದ ಒಬ್ಬಳು ಇದ್ದರೆ ತಡವಾದಾಗ ಸಿಸೇರಿಯನ್ನಿಗೆ ಕಳಿಸಬಲ್ಲಳು, ತಡವಾಗದಿದ್ದಾಗ ಕಾಯಬಲ್ಲಳು. ಆ ಎರಡರ ವ್ಯತ್ಯಾಸ ಹೇಳುವ ಯಂತ್ರವಾಗಲಿ ಇಂಜೆಕ್ಷನ್ನಾಗಲಿ ಇಲ್ಲ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಆಸ್ಪತ್ರೆಯನ್ನು ನಂಬಿ ಬರುವ ತಾಯಂದಿರಿಗೆ ಅಂಥ ಒಬ್ಬಳನ್ನು ಕೊಡುವುದು ಸರ್ಕಾರದ ಸಾಲ.